ಕೆಸರು ಗದ್ದೆಗೆ ಟ್ರ್ಯಾಕ್ಟರಿನ ಮುಂದಿನ ಟೈರ್ ಆರಿಸುವುದು ಹೇಗೆ?

ಮಳೆಗಾಲ ಹತ್ತಿರ ಬಂತು ಅಂದರೆ ಶಿವಮೊಗ್ಗ, ಸಾಗರದ ಟೈರ್ ಅಂಗಡಿಗಳಲ್ಲಿ ಒಂದೇ ಮಾತು: ‘ಗದ್ದೆಯಲ್ಲಿ ಹೂತುಹೋಗ್ತಿದೆ, ದಪ್ಪ ಟೈರ್ ಕೊಡಿ.’ ಹಿಂದಿನ ಚಕ್ರಕ್ಕೆ ಈ ಮಾತು ಸ್ವಲ್ಪ ಒಪ್ಪುತ್ತದೆ. ಮುಂದಿನದಕ್ಕೆ ಒಪ್ಪುವುದಿಲ್ಲ. ಕಣ್ಣಿಗೆ ದಪ್ಪ ಕಂಡಿತು ಅಂತ ಹಾಕಿಸಿಕೊಂಡು, ಆಮೇಲೆ ಗೇರ್ ರಿಪೇರಿಗೆ ದುಡ್ಡು ಸುರಿದವರನ್ನು ನೋಡಿ ಬೇಸರವಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಮುಂದಿನ ಚಕ್ರದ ಕೆಲಸ ಏನು ಅಂತ ನೋಡಿ

ಟೂ ವೀಲ್ ಡ್ರೈವ್ ಆದರೆ ಮುಂದಿನ ಚಕ್ರ ಎಳೆಯುವುದಿಲ್ಲ, ಬರೀ ದಾರಿ ತೋರಿಸುತ್ತದೆ. ಅದಕ್ಕೆ ಬೇಕಾದ್ದು ಸುತ್ತಲೂ ಉದ್ದ ಗೆರೆ ಇರುವ ಟೈರ್. ಮೂರು ಗೆರೆಯ ಎಫ್-2 ನಮೂನೆ ಎಲ್ಲ ಕಡೆ ಸಿಗುತ್ತದೆ. ನಡುವಿನ ಗೆರೆ ಅಕ್ಕಪಕ್ಕದ್ದಕ್ಕಿಂತ ಎತ್ತರ ಇರಲಿ. ಕೆಸರಿನಲ್ಲಿ ಮಣ್ಣಿಗೆ ಇಳಿದು ಪಕ್ಕಕ್ಕೆ ಹಿಡಿದುಕೊಳ್ಳುವುದು ಅದೇ. ಗೆರೆ ಸವೆದು ನಡುವೆ ಜೇಡಿ ತುಂಬಿಕೊಂಡರೆ, ಸ್ಟೇರಿಂಗ್ ಎಷ್ಟು ತಿರುಗಿಸಿದರೂ ಟ್ರ್ಯಾಕ್ಟರ್ ನೆಟ್ಟಗೆ ಬದುವಿಗೇ ಹೋಗುತ್ತದೆ. ಎತ್ತರದ ಒಂದೇ ಗೆರೆಯ ಎಫ್-1 ಟೈರ್ ಕೆಸರಿಗೆಂದೇ ಇರುವುದು. ಆದರೆ ಮಲೆನಾಡಿನಲ್ಲಿ ಗದ್ದೆಯಿಂದ ತೋಟಕ್ಕೆ, ತೋಟದಿಂದ ಪೇಟೆಗೆ ಟಾರ್ ರಸ್ತೆಯಲ್ಲೇ ಓಡಬೇಕು ಅಲ್ವಾ? ಹಾಗಾಗಿ ಎಫ್-2 ತಗೊಳ್ಳಿ.

ಟೂ ವೀಲ್ ಗಾಡಿಯ ಮುಂದಕ್ಕೆ ಹಿಂದಿನ ಟೈರಿನಂಥ ಹಲ್ಲಿನ ಟೈರ್ ಹಾಕುವುದು ಬೇಡವೇ ಬೇಡ. ನೋಡಲು ಗತ್ತು. ಆದರೆ ಗೆರೆ ಟೈರಿನಷ್ಟು ಪಕ್ಕದ ಹಿಡಿತ ಸಿಗುವುದಿಲ್ಲ, ಟಾರ್ ಮೇಲೆ ಬೇಗ ಸವೆಯುತ್ತದೆ.

ಎರಡನೇ ಹೆಜ್ಜೆ: ಅಳತೆ

ಟೈರಿನ ಪಕ್ಕದಲ್ಲಿ 6.00-16 ಅಂತ ಇದ್ದರೆ ಅಗಲ ಸುಮಾರು 6 ಇಂಚು, ರಿಮ್ 16 ಇಂಚು. 6.50-16, 7.50-16 ಕೂಡ ಬರುತ್ತವೆ. 16 ಒಂದೇ ಇದೆ ಅಂತ ಯಾವುದನ್ನಾದರೂ ಯಾವ ರಿಮ್ಮಿಗಾದರೂ ಹಾಕುವ ಹಾಗಿಲ್ಲ. ರಿಮ್ಮಿನ ಅಗಲವೂ ಹೊಂದಬೇಕು. ಟ್ರ್ಯಾಕ್ಟರಿನ ಜೊತೆ ಕಂಪನಿ ಕೊಟ್ಟ ಪುಸ್ತಕದಲ್ಲಿ ಬರೆದ ಅಳತೆಗಳಲ್ಲೇ ಆರಿಸಿ.

ಮೂರನೇ ಹೆಜ್ಜೆ: ಫೋರ್ ವೀಲ್ ಗಾಡಿಯ ಹೊಂದಾಣಿಕೆ

ಹೆಚ್ಚಿನವರು ಎಡವುವುದು ಇಲ್ಲಿ. ನಿಧಾನವಾಗಿ ಓದಿ.

ಫೋರ್ ವೀಲ್ ಗಾಡಿಯಲ್ಲಿ ಮುಂದಿನ ಚಕ್ರವೂ ಎಳೆಯುತ್ತದೆ. ಫೋರ್ ವೀಲ್ ಹಾಕಿದಾಗ ಮುಂದಿನ ಚಕ್ರ ಹಿಂದಿನದಕ್ಕಿಂತ ಸ್ವಲ್ಪ ಮುಂದಾಗಿ, ಅಂದರೆ ಸ್ವಲ್ಪ ಜಾಸ್ತಿ ವೇಗದಲ್ಲಿ ಓಡಬೇಕು. ಸಾಮಾನ್ಯವಾಗಿ ಶೇ 1ರಿಂದ 5ರವರೆಗೆ. ಆಗ ಮಾತ್ರ ಮುಂದಿನದು ಎಳೆಯುತ್ತದೆ. ಇದನ್ನು ಕಂಪನಿಯವರು ಗೇರಿನ ಹಲ್ಲು ಮತ್ತು ಟೈರಿನ ಸುತ್ತಳತೆ ಎರಡನ್ನೂ ಲೆಕ್ಕ ಹಾಕಿ ಕೂರಿಸಿರುತ್ತಾರೆ. ಮುಂದೆ ದೊಡ್ಡ ಟೈರ್ ಹಾಕಿದರೆ ಅದು ಜಾಸ್ತಿ ಓಡಲು ಹೋಗಿ ಗೇರಿನ ಮೇಲೆ ಭಾರ ಬೀಳುತ್ತದೆ. ಸಣ್ಣದು ಹಾಕಿದರೆ, ಅಥವಾ ಪೂರ್ತಿ ಸವೆದಿದ್ದರೆ, ಮುಂದಿನ ಚಕ್ರವೇ ಹಿಂದಿನದನ್ನು ತಡೆಯುತ್ತದೆ. ಎಳೆಯುವ ಬದಲು ಬ್ರೇಕ್ ಹಾಕಿದಂತೆ!

ಹಿಂದಿನ ಟೈರ್ ಬದಲಿಸಿದರೂ ಇದೇ ಕಥೆ. ಕೆಸರಿಗೆ ಅಂತ ಸಾಮಾನ್ಯ ಹಲ್ಲಿನ ಆರ್-1 ತೆಗೆದು ಎತ್ತರದ ಹಲ್ಲಿನ ಆರ್-2 ಹಾಕಿಸುತ್ತಾರೆ. ಅದರ ಸುತ್ತಳತೆ ಜಾಸ್ತಿ. ಮುಂದಿನದನ್ನು ಹಾಗೇ ಬಿಟ್ಟರೆ ಲೆಕ್ಕ ತಪ್ಪಿತು.

ಪರೀಕ್ಷೆ ಮನೆ ಅಂಗಳದ ಹತ್ತಿರವೇ ಮಾಡಬಹುದು. ಸಮತಟ್ಟಾದ ಗಟ್ಟಿ ಮಣ್ಣಿನ ಜಾಗ ಹುಡುಕಿ. ಎಲ್ಲ ಟೈರಿನ ಗಾಳಿ ಸರಿಮಾಡಿ. ಹಿಂದೆ, ಮುಂದೆ ಒಂದೊಂದು ಟೈರಿಗೆ ಸುಣ್ಣದ ಗುರುತು ಹಾಕಿ. ಫೋರ್ ವೀಲ್ ತೆಗೆದು, ಹಿಂದಿನ ಚಕ್ರ 10 ಸುತ್ತು ಬರುವಷ್ಟು ನಿಧಾನವಾಗಿ ನೆಟ್ಟಗೆ ಓಡಿಸಿ. ಮುಂದಿನದು ಎಷ್ಟು ಸುತ್ತಿತು ಅಂತ ಒಬ್ಬರು ಎಣಿಸಲಿ. ಅರ್ಧ, ಕಾಲು ಸುತ್ತನ್ನೂ ಬಿಡಬೇಡಿ. ಆಮೇಲೆ ಫೋರ್ ವೀಲ್ ಹಾಕಿ ಅದೇ 10 ಸುತ್ತು. ಮೊದಲು 14 ಬಂದು, ಈಗ 14.4 ಬಂದರೆ ಸುಮಾರು ಶೇ 3 ಮುಂದಿದೆ, ಒಳ್ಳೆಯದು. ಎರಡನೇ ಸಲ ಕಡಿಮೆ ಬಂದರೆ ಆ ಜೋಡಿ ಬೇಡ. ಟಾರ್ ರಸ್ತೆಗೆ ಬಂದಾಗ ಫೋರ್ ವೀಲ್ ತೆಗೆದೇ ಓಡಿಸಿ. ಅಲ್ಲಿ ಚಕ್ರಕ್ಕೆ ಜಾರಲು ಆಗದೆ ಟೈರೂ ಗೇರೂ ಸವೆಯುತ್ತವೆ.

ನಾಲ್ಕನೇ ಹೆಜ್ಜೆ: ಅಂಗಡಿಯಲ್ಲಿ

ತಯಾರಾದ ವಾರ, ವರ್ಷ ನಾಲ್ಕು ಅಂಕಿಯಲ್ಲಿರುತ್ತದೆ. 2324 ಅಂದರೆ 2024ರ 23ನೇ ವಾರ. ಹಳೇ ಸ್ಟಾಕು ಕಡಿಮೆ ರೇಟಿಗೆ ಕೊಟ್ಟರೂ ಬೇಡ, ಪಕ್ಕದಲ್ಲಿ ಬಿರುಕು ಬಿಡುತ್ತದೆ. ಮುಂದಿನ ಎರಡೂ ಟೈರ್ ಒಟ್ಟಿಗೆ, ಒಂದೇ ಕಂಪನಿಯದು ತಗೊಳ್ಳಿ. ಟ್ಯೂಬೂ ಹೊಸದೇ ಇರಲಿ. ರೀಸೋಲ್ ಟೈರ್ (ಸವೆದ ಟೈರಿಗೆ ಹೊಸ ರಬ್ಬರ್ ಕೂರಿಸಿದ್ದು) ಟ್ರೇಲರಿಗೆ ಹಾಕಿಕೊಳ್ಳಿ, ದಾರಿ ತೋರಿಸುವ ಮುಂದಿನ ಚಕ್ರಕ್ಕೆ ಸುಮ್ನೆ ಕೊಟ್ಟರೂ ಬೇಡ.

ಐದನೇ ಹೆಜ್ಜೆ: ಕೂರಿಸುವಾಗ

ಫೋರ್ ವೀಲ್ ಗಾಡಿಯ ಮುಂದಕ್ಕೆ ಹಾಕುವ ಹಲ್ಲಿನ ಟೈರಿಗೆ ದಿಕ್ಕಿದೆ. ಪಕ್ಕದ ಬಾಣ ನೋಡಿ. ಗಾಡಿ ಮುಂದೆ ನಿಂತು ನೋಡಿದರೆ ಹಲ್ಲು ‘ವಿ’ ಆಕಾರದಲ್ಲಿ, ಚೂಪು ಕೆಳಗಿರಬೇಕು. ಹಾಗಿದ್ದರೆ ಕೆಸರು ನಡುವಿನಿಂದ ಹೊರಗೆ ಜಾರುತ್ತದೆ, ಇಲ್ಲದಿದ್ದರೆ ತುಂಬಿಕೊಳ್ಳುತ್ತದೆ. ಪಂಕ್ಚರ್ ಹಾಕಿಸಿದ ಮೇಲೆ ತಿರುಗಾಮುರುಗ ಕೂರಿಸುವುದು ಬಹಳ, ನೀವೇ ನಿಂತು ನೋಡಿ. ಗಾಳಿ ಪುಸ್ತಕದಲ್ಲಿ ಹೇಳಿದಷ್ಟು. ಗದ್ದೆ ಕೆಲಸಕ್ಕೆ ಅಂತ ಗಾಳಿ ಕಡಿಮೆ ಮಾಡಿದ್ದರೆ, ಅದನ್ನು ಲೋಡ್ ಹೊತ್ತು ರಸ್ತೆಗೆ ಹೋಗುವ ಮುಂಚೆ ಮತ್ತೆ ತುಂಬಿಸಿ. ಮೊದಲ ದಿನದ ಉಳುಮೆ ಮುಗಿದ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿ.