ಹೀಟ್ ಪಂಪ್ ಹಾಕಿಸುವ ಮುಂಚೆ ರೇಡಿಯೇಟರ್ ಲೆಕ್ಕ ಹಾಕಿ

ಇಂಗ್ಲೆಂಡಿನಲ್ಲಿ ಮನೆ ಮಾಡಿಕೊಂಡಿರುವ ನಮ್ಮವರಲ್ಲಿ ಗ್ಯಾಸ್ ಬಾಯ್ಲರ್ ತೆಗೆಸಿ ಹೀಟ್ ಪಂಪ್ (ಹೊರಗಿನ ಶಾಖವನ್ನು ಕರೆಂಟಿನ ಸಹಾಯದಿಂದ ಎಳೆದು ಮನೆ ಬೆಚ್ಚಗಿಡುವ ನೀರು ಕಾಯಿಸುವ ಯಂತ್ರ) ಹಾಕಿಸಿದವರನ್ನು ಈಗ ಅಲ್ಲಲ್ಲಿ ನೋಡುತ್ತಿದ್ದೇನೆ. 2023ರ ಅಕ್ಟೋಬರ್‌ನಿಂದ ಇಂಗ್ಲೆಂಡ್, ವೇಲ್ಸ್‌ನಲ್ಲಿ ಸರ್ಕಾರದ ಸಹಾಯಧನ 7,500 ಪೌಂಡ್ ಆಗಿದ್ದೂ ಇದಕ್ಕೆ ಕಾರಣ. ಪಂಪ್ ಯಾವ ಕಂಪನಿಯದು ತಗೊಳ್ಳೋಣ ಎಂದು ಎಲ್ಲರೂ ತಿಂಗಳುಗಟ್ಟಲೆ ವಿಚಾರಿಸುತ್ತಾರೆ. ರೇಡಿಯೇಟರ್, ಅಂದರೆ ಒಳಗೆ ಬಿಸಿನೀರು ಹರಿದು ಕೋಣೆ ಬೆಚ್ಚಗಿಡುವ ಗೋಡೆಯ ಲೋಹದ ಹಲಗೆ, ಅದರ ಮಾತು ಬಂದಾಗ ಮಾತ್ರ "ಹಳೇದೇ ಇರಲಿ ಬಿಡಿ" ಎನ್ನುತ್ತಾರೆ. ನನ್ನ ಸ್ನೇಹಿತರೊಬ್ಬರು ಹೀಗೆ ಮಾಡಿ ಮೊದಲ ಚಳಿಗಾಲ ಪೂರ್ತಿ ಹಾಲ್‌ನಲ್ಲಿ ಸ್ವೆಟರ್ ಹಾಕಿಕೊಂಡೇ ಕೂತರು. ಪಂಪ್ ಸರಿಯಾಗೇ ಇತ್ತು. ರೇಡಿಯೇಟರ್ ಸಾಲುತ್ತಿರಲಿಲ್ಲ.

ಬಾಯ್ಲರ್ ನೀರನ್ನು 70 ಡಿಗ್ರಿ ಅಥವಾ ಅದಕ್ಕೂ ಮೇಲೆ ಕಾಯಿಸಿ ಕಳಿಸುತ್ತದೆ. ಹೀಟ್ ಪಂಪ್‌ಗೆ 45ರ ಆಸುಪಾಸು ಹಿತ, ಮೇಲೆ ಹೋದಷ್ಟೂ ಕರೆಂಟ್ ಜಾಸ್ತಿ ಎಳೆಯುತ್ತದೆ. ಹಂಡೆಯ ನೀರು ಕುದಿಯುತ್ತಿದ್ದರೆ ನಾಲ್ಕು ಚೊಂಬು ಬೆರೆಸಿದರೆ ಸ್ನಾನಕ್ಕೆ ಸಾಕು, ಆರಿದ್ದರೆ ಅರ್ಧ ಬಕೆಟ್ ಬೇಕು, ಅಲ್ವಾ? ಇಲ್ಲೂ ಅಷ್ಟೇ. ನೀರಿನ ಬಿಸಿ ಕಡಿಮೆಯಾದರೆ ರೇಡಿಯೇಟರ್ ದೊಡ್ಡದಾಗಬೇಕು.

ಮೊದಲ ಕೆಲಸ, ಪ್ರತಿ ಕೋಣೆಯಿಂದ ಎಷ್ಟು ಶಾಖ ಹೊರಗೆ ಹೋಗುತ್ತದೆ ಎಂಬ ಲೆಕ್ಕ. ಎಂಸಿಎಸ್ (ಹೀಟ್ ಪಂಪ್ ಹಾಕುವ ಕಂಪನಿಗಳ ಗುಣಮಟ್ಟ ನೋಡುವ ಬ್ರಿಟನ್ನಿನ ಯೋಜನೆ) ಪ್ರಮಾಣಪತ್ರ ಇರುವ ಕಂಪನಿ ಇದನ್ನು ಮಾಡಲೇಬೇಕು. ಆ ಪಟ್ಟಿ ನಿಮ್ಮ ಕೈಗೆ ಬರಲಿ, ಕೇಳಿ ತೆಗೆದುಕೊಳ್ಳಿ. ಇಡೀ ಮನೆಗೆ ಒಂದೇ ಅಂಕಿ ಬರೆದು ಕೊಟ್ಟರೆ ಒಪ್ಪಬೇಡಿ.

ಎಲ್ಲರೂ ಎಡವುವುದು ಎರಡನೆಯ ಹೆಜ್ಜೆಯಲ್ಲಿ, ಹಾಗಾಗಿ ಇದನ್ನು ನಿಧಾನವಾಗಿ ಓದಿ. ಅಂಗಡಿಯಲ್ಲಿ ರೇಡಿಯೇಟರ್ ಮೇಲೆ "1,700 ವ್ಯಾಟ್" ಎಂದು ಬರೆದಿರುತ್ತದೆ. ಆ ಅಂಕಿ ಡೆಲ್ಟಾ ಟಿ 50ರದ್ದು. ಅಂದರೆ ನೀರು 75 ಡಿಗ್ರಿಯಲ್ಲಿ ಒಳಗೆ ಹೋಗಿ 65ರಲ್ಲಿ ಹೊರಗೆ ಬರುತ್ತದೆ, ಸರಾಸರಿ 70. ಕೋಣೆ 20. ವ್ಯತ್ಯಾಸ 50. ನಿಮ್ಮ ಹೀಟ್ ಪಂಪ್ ನೀರು 45ರಲ್ಲಿ ಹೋಗಿ 40ರಲ್ಲಿ ವಾಪಸ್ ಬಂದರೆ ಸರಾಸರಿ 42.5, ವ್ಯತ್ಯಾಸ ಬರೀ 22.5. ವ್ಯತ್ಯಾಸ ಅರ್ಧಕ್ಕಿಳಿದರೆ ಶಾಖವೂ ಅರ್ಧ ಸಿಗುತ್ತದೆ ಎಂದುಕೊಳ್ಳಬೇಡಿ, ಅದಕ್ಕಿಂತ ಕಡಿಮೆಯೇ ಸಿಗುತ್ತದೆ. ಪೆಟ್ಟಿಗೆ ಮೇಲಿನ ಅಂಕಿಯನ್ನು 45 ಡಿಗ್ರಿ ನೀರಿಗೆ 0.35ರಿಂದ ಗುಣಿಸಿ, 50 ಡಿಗ್ರಿಗೆ 0.46ರಿಂದ, 55ಕ್ಕೆ 0.57ರಿಂದ. ನಿಮಗೆ ನಿಜವಾಗಿ ಸಿಗುವುದು ಅಷ್ಟೇ. ಆ 1,700 ವ್ಯಾಟ್ ಈಗ ಸುಮಾರು 600 ಆಯಿತು ನೋಡಿ.

ಉಲ್ಟಾ ಲೆಕ್ಕ ಇನ್ನೂ ಉಪಯೋಗ. ಹಾಲ್‌ಗೆ 1,200 ವ್ಯಾಟ್ ಬೇಕು ಎನ್ನಿ. ಅದನ್ನು 0.35ರಿಂದ ಭಾಗಿಸಿದರೆ ಸುಮಾರು 3,400. ಅಂಗಡಿಯಲ್ಲಿ ಹುಡುಕಬೇಕಾದ ಅಂಕಿ ಅದು. ಒಂದೇ ರೇಡಿಯೇಟರ್‌ನಲ್ಲಿ ಆಗದಿದ್ದರೆ ಎರಡು ಗೋಡೆಗೆ ಎರಡು ಹಾಕಿಸಿ. ಕೆಲವು ಮಾರಾಟಗಾರರು ಡೆಲ್ಟಾ ಟಿ 60ರ ಅಂಕಿ ಹಾಕಿರುತ್ತಾರೆ, ಅದು ಇನ್ನೂ ದೊಡ್ಡದಾಗಿ ಕಾಣುತ್ತದೆ. ಯಾವ ಡೆಲ್ಟಾ ಟಿ ಎಂದು ಬರೆದಿಲ್ಲದಿದ್ದರೆ ಆ ಮಾಲು ಮುಟ್ಟಬೇಡಿ.

ಒಂದು ಸುಲಭದ ಪರೀಕ್ಷೆ ಇದೆ, ದುಡ್ಡು ಖರ್ಚಿಲ್ಲ. ಬಾಯ್ಲರ್ ಇನ್ನೂ ಇದ್ದಾಗಲೇ, ಚೆನ್ನಾಗಿ ಚಳಿ ಇರುವ ಒಂದು ವಾರ ಹೀಟಿಂಗ್ ನೀರನ್ನು 50ಕ್ಕೆ ಇಳಿಸಿ ದಿನಪೂರ್ತಿ ಓಡಿಸಿ. ಬೆಚ್ಚಗಿರುವ ಕೋಣೆಗಳ ರೇಡಿಯೇಟರ್ ಬಹುಶಃ ಸಾಕು. ತಣ್ಣಗಾದ ಕೋಣೆಗಳನ್ನು ಬರೆದಿಟ್ಟುಕೊಳ್ಳಿ. ಬಿಸಿನೀರಿನ ಸಿಲಿಂಡರ್ ಇರುವ ಮನೆಯಲ್ಲಿ ಮಾತ್ರ ಸುಮ್ನೆ ಇಳಿಸಬೇಡಿ, ಸಿಲಿಂಡರ್ ನೀರು 60 ಡಿಗ್ರಿ ಮುಟ್ಟದಿದ್ದರೆ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುವ ಭಯ ಇದೆ.

ಇನ್ನು ಆಯ್ಕೆ. ರೇಡಿಯೇಟರ್‌ಗಳಲ್ಲಿ ಟೈಪ್ 11 ಒಂದು ಲೋಹದ ಹಾಳೆಯದು, 22 ಎರಡು ಹಾಳೆಯದು, 33 ಮೂರು ಹಾಳೆಯದು. ಹಳೆ ಟೈಪ್ 11 ಇದ್ದ ಕಡೆ ಅದೇ ಉದ್ದ, ಅದೇ ಎತ್ತರದ 22 ಹಾಕಿದರೆ ಶಾಖ ಹೆಚ್ಚುಕಮ್ಮಿ ಮುಕ್ಕಾಲು ಪಾಲು ಜಾಸ್ತಿ ಸಿಗುತ್ತದೆ, ಪೈಪಿನ ಕೆಲಸವೂ ಕಡಿಮೆ. 33 ಗೋಡೆಯಿಂದ ಹದಿನೈದು ಸೆಂಟಿಮೀಟರಿಗಿಂತ ಜಾಸ್ತಿ ಮುಂದೆ ಬರುತ್ತದೆ, ಇಕ್ಕಟ್ಟಿನ ಕಾರಿಡಾರ್‌ಗೆ ಬೇಡ. ನನ್ನ ಸಲಹೆ ಸಾದಾ ಬಿಳಿ ಬಣ್ಣದ 22. ಕನ್ನಡಿಯಂತೆ ಹೊಳೆಯುವ ಕ್ರೋಮ್ ರೇಡಿಯೇಟರ್ ಕೊಳ್ಳಬೇಡಿ, ಅಷ್ಟೇ ಅಳತೆಯ ಬಣ್ಣದ ರೇಡಿಯೇಟರ್‌ಗಿಂತ ಅದು ಕಡಿಮೆ ಶಾಖ ಕೊಡುತ್ತದೆ. ಬಾತ್‌ರೂಮಿನಲ್ಲಿ ಟವೆಲ್ ಒಣಗಿಸುವ ಕಂಬಿ ಒಂದನ್ನೇ ನಂಬಬೇಡಿ, ಟವೆಲ್ ಹಾಕಿದ ಮೇಲೆ ಕೋಣೆಗೆ ಹೆಚ್ಚೇನೂ ಉಳಿಯುವುದಿಲ್ಲ. ಮರದ ಕವರ್ ಹಾಕಬೇಡಿ, ಸೋಫಾವನ್ನೂ ರೇಡಿಯೇಟರ್‌ಗೆ ಒತ್ತಿ ಇಡಬೇಡಿ.

ಪೈಪ್ ನೋಡುವುದನ್ನು ಮರೆಯಬೇಡಿ. 8 ಅಥವಾ 10 ಮಿಲಿಮೀಟರಿನ ಸಣ್ಣ ಪೈಪ್ ಇರುವ ಮನೆಗಳಿವೆ. ಹೀಟ್ ಪಂಪ್‌ನಲ್ಲಿ ನೀರು ಜಾಸ್ತಿ ಹರಿಯಬೇಕು, ಆ ಪೈಪ್ ಸಾಕೋ ಇಲ್ಲವೋ ಎಂದು ಲೆಕ್ಕ ಹಾಕಿಸಿ, ಕಾಗದದ ಮೇಲೆ ಬರೆಸಿಕೊಳ್ಳಿ.

ಹಾಕಿಸಿದ ಮೇಲೆ ರೇಡಿಯೇಟರ್ ಮುಟ್ಟಿ ನೋಡಿ "ಬರೀ ಬೆಚ್ಚಗಿದೆ, ಕೆಟ್ಟಿದೆ" ಎಂದು ಗಾಬರಿಯಾಗಿ ನೀರಿನ ಬಿಸಿ ಏರಿಸಬೇಡಿ. ಅದು ಇರಬೇಕಾದದ್ದೇ ಹಾಗೆ. ಕೋಣೆಯಲ್ಲೊಂದು ಸಣ್ಣ ಥರ್ಮಾಮೀಟರ್ ಇಟ್ಟು ಎರಡು ದಿನ ಬಿಡಿ. ಅದು 20 ತೋರಿಸುತ್ತಿದ್ದರೆ ನೀರನ್ನು ಇನ್ನೂ ಎರಡು ಡಿಗ್ರಿ ಇಳಿಸಿ ನೋಡಿ.