ಅಮೆರಿಕದ ವಿದೇಶಾಂಗ ಸುದ್ದಿ ಓದುವ ಕ್ರಮ: ಮಾತು ಬಿಡಿ, ಕಾಗದ ಹಿಡಿಯಿರಿ

ಮೈಸೂರಿನಲ್ಲಿ ಕೆಎಎಸ್, ಯುಪಿಎಸ್‌ಸಿಗೆ ಓದುವವರು, ಹೆಬ್ಬಾಳದ ಐಟಿ ಕಂಪನಿಗಳಲ್ಲಿದ್ದುಕೊಂಡು ಅಮೆರಿಕದ ವೀಸಾಕ್ಕೆ ಕಾಯುವವರು, ಬೆಲ್ಲವನ್ನೋ ರೇಷ್ಮೆ ಬಟ್ಟೆಯನ್ನೋ ಹೊರದೇಶಕ್ಕೆ ಕಳಿಸಬೇಕೆನ್ನುವ ಮಂಡ್ಯ ಕಡೆಯ ವ್ಯಾಪಾರಿಗಳು, ಎಲ್ಲರೂ ಎಡವುವುದು ಒಂದೇ ಕಡೆ. ಅಮೆರಿಕದ ಅಧ್ಯಕ್ಷರು ಆಡಿದ ಮಾತನ್ನೇ ನೀತಿ ಎಂದುಕೊಳ್ಳುತ್ತಾರೆ. ಆ ದೇಶದ ಬಲ ಕೆಲಸ ಮಾಡುವುದು ಕಾಗದದ ಮೇಲೆ. ಅದು ಯಾವ ಬಗೆಯ ಕಾಗದ (ಅಧ್ಯಕ್ಷರ ಆದೇಶವೋ, ಸಂಸತ್ತಿನ ಕಾನೂನೋ, ಒಪ್ಪಂದವೋ) ಎಂದು ತಿಳಿದರೆ ಎಷ್ಟು ದಿನ ಬಾಳುತ್ತದೆ, ಯಾರು ಅದನ್ನು ರದ್ದು ಮಾಡಬಲ್ಲರು ಎಂಬುದೂ ತಿಳಿಯುತ್ತದೆ.

ಒಂದು ನೋಟ್‌ಬುಕ್ಕಿನಲ್ಲಿ ಐದು ಕಾಲಂ ಹಾಕಿ: ದಿನಾಂಕ, ಕಾಗದದ ಬಗೆ, ಯಾವ ಕಾನೂನಿನ ಅಧಿಕಾರದಲ್ಲಿ ಹೊರಟಿದೆ, ಜಾರಿಗೆ ಬರುವ ದಿನ ಮತ್ತು ಗಂಟೆ, ಯಾರಿಗೆ ವಿನಾಯಿತಿ. ಪತ್ರಿಕೆಯಲ್ಲಿ ಸಾಮಾನ್ಯವಾಗಿ ಮೊದಲೆರಡು ಸಿಗುತ್ತವೆ. ಉಳಿದ ಮೂರಕ್ಕೆ ಶ್ವೇತಭವನದ ಜಾಲತಾಣದಲ್ಲಿ ಆದೇಶದ ಪೂರ್ಣ ಪಠ್ಯ ಓದಬೇಕು. ಕೆಲವು ದಿನಗಳಲ್ಲಿ ಅದೇ ಪಠ್ಯ ಅವರ ರಾಜ್ಯಪತ್ರವಾದ ಫೆಡರಲ್ ರಿಜಿಸ್ಟರ್‌ನಲ್ಲೂ ಬರುತ್ತದೆ. ಎರಡಕ್ಕೂ ದುಡ್ಡು ಕೊಡಬೇಕಿಲ್ಲ.

2025ರ ಆಗಸ್ಟ್ 6ರ ಆದೇಶವನ್ನೇ ನೋಡಿ. ರಷ್ಯಾದ ತೈಲ ಕೊಳ್ಳುವ ಕಾರಣಕ್ಕೆ ಭಾರತದ ಸರಕಿನ ಮೇಲೆ ಹೆಚ್ಚುವರಿ ಶೇ 25 ಸುಂಕ ಬಿತ್ತು. ಮೊದಲು ಘೋಷಿಸಿದ್ದ ಶೇ 25 ಸೇರಿ ಆಗ ಒಟ್ಟು ಶೇ 50 ಆಗಿತ್ತು. ಈ ಸಂಖ್ಯೆ ಎಲ್ಲರ ಕಿವಿಗೂ ಬಿತ್ತು. ಒಳಗಿದ್ದ ವಿವರ ಬೀಳಲಿಲ್ಲ. ಆದೇಶ ಜಾರಿಯಾದದ್ದು 21 ದಿನದ ನಂತರ, ಆಗಸ್ಟ್ 27ರ ನಡುರಾತ್ರಿ 12.01ಕ್ಕೆ, ಅದೂ ವಾಷಿಂಗ್ಟನ್ ಗಡಿಯಾರದಲ್ಲಿ. ನಮಗಾಗ ಬೆಳಿಗ್ಗೆ 9.31. ಅಷ್ಟರೊಳಗೆ ಹಡಗು ಏರಿ, ಸೆಪ್ಟೆಂಬರ್ 17ಕ್ಕೆ ಮುಂಚೆ ಅಲ್ಲಿನ ಕಸ್ಟಮ್ಸ್‌ನಲ್ಲಿ ದಾಖಲಾದ ಸರಕಿಗೆ ಆ ಹೆಚ್ಚುವರಿ ಸುಂಕ ಇರಲಿಲ್ಲ. ಔಷಧ, ಸ್ಮಾರ್ಟ್‌ಫೋನ್‌ಗಳೂ ಹೊರಗಿದ್ದವು. ಸರಕು ಕಳಿಸುವವರು ತಮ್ಮ ಎಚ್‌ಎಸ್ ಕೋಡ್ (ಸರಕಿನ ಬಗೆ ಗುರುತಿಸುವ ಅಂಕಿ) ಹಿಡಿದು ವಿನಾಯಿತಿ ಪಟ್ಟಿಯನ್ನು ಸಾಲುಸಾಲಾಗಿ ನೋಡಬೇಕು. ರೇಷ್ಮೆ 50ನೇ ಅಧ್ಯಾಯ, ಸಕ್ಕರೆ-ಬೆಲ್ಲ 17ನೆಯದು. ಮೊದಲ ಆರು ಅಂಕಿ ಎಲ್ಲ ದೇಶಕ್ಕೂ ಒಂದೇ, ಅದರ ಮುಂದಿನವು ಅಮೆರಿಕದ್ದೇ ಬೇರೆ, ನಮ್ಮದೇ ಬೇರೆ. ನಮ್ಮ ಎಂಟಂಕಿಯನ್ನು ಹಾಗೇ ಬಳಸಿದರೆ ತಪ್ಪು ದರ ಸಿಗುತ್ತದೆ. ಆದೇಶದಿಂದ ಬಂದ ಸುಂಕ ಇನ್ನೊಂದು ಆದೇಶದಿಂದಲೋ ನ್ಯಾಯಾಲಯದಿಂದಲೋ ಹೋಗಬಹುದು, ಆದ್ದರಿಂದ ಬೆಲೆ ಒಪ್ಪುವ ದಿನವೇ ದರವನ್ನು ಮತ್ತೆ ನೋಡಿ.

ವೀಸಾ ವಿಷಯದಲ್ಲಿ ಮಾತಿಗೂ ಕಾಗದಕ್ಕೂ ಎಷ್ಟು ದೂರ ಎಂಬುದು 2025ರ ಸೆಪ್ಟೆಂಬರ್ 19ರಂದು ಕಂಡಿತು. ಹೊರದೇಶದ ಕುಶಲ ಕೆಲಸಗಾರರಿಗೆ ಕೊಡುವ ಎಚ್-1ಬಿ ವೀಸಾಕ್ಕೆ 1 ಲಕ್ಷ ಡಾಲರ್ ಶುಲ್ಕದ ಘೋಷಣೆಗೆ ಸಹಿ ಬಿದ್ದಾಗ, ಅದು ವರ್ಷವರ್ಷವೂ ಕಟ್ಟಬೇಕಾದದ್ದು ಎಂದು ಅಲ್ಲಿನ ಸಚಿವರೊಬ್ಬರೇ ಹೇಳಿದರು. ರಜೆಗೆ ಊರಿಗೆ ಬಂದವರು ಗಾಬರಿಯಿಂದ ವಿಮಾನ ಹತ್ತಿದರು. ಮರುದಿನ ಸ್ಪಷ್ಟನೆ ಬಂತು: ಹೊಸ ಅರ್ಜಿಗೆ ಮಾತ್ರ, ಒಂದೇ ಸಲ, ಈಗಾಗಲೇ ವೀಸಾ ಇದ್ದವರಿಗೆ ಅಲ್ಲ. ಇಂಥ ಸುದ್ದಿ ಬಂದಾಗ ಟಿಕೆಟ್ ಕೊಳ್ಳುವ ಮೊದಲು ಅಲ್ಲಿನ ವಲಸೆ ಇಲಾಖೆಯ ಸುತ್ತೋಲೆ ಬಂದಿದೆಯೇ ನೋಡಿ.

ಇನ್ನು ಬಾಳಿಕೆ. ಬರೀ ಅಧ್ಯಕ್ಷರ ಸಹಿಯಿಂದ ನಿಂತದ್ದು ಮುಂದಿನ ಅಧ್ಯಕ್ಷರ ಸಹಿಯಿಂದ ಬೀಳುತ್ತದೆ. ಪ್ಯಾರಿಸ್ ಹವಾಮಾನ ಒಪ್ಪಂದಕ್ಕೆ ಅಮೆರಿಕ 2016ರಲ್ಲಿ ಸೇರಿತು, 2020ರಲ್ಲಿ ಹೊರಬಂತು, 2021ರಲ್ಲಿ ಮತ್ತೆ ಸೇರಿತು, 2025ರಲ್ಲಿ ಮತ್ತೆ ಬಿಡುವ ಆದೇಶವಾಯಿತು. ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತು, ಮಾಡಿದ ಕಾನೂನು ಹಾಗಲ್ಲ. ರಷ್ಯಾದ ಶಸ್ತ್ರ ಕೊಳ್ಳುವವರ ಮೇಲೂ ನಿರ್ಬಂಧ ಹೇರಲು ದಾರಿ ಮಾಡಿದ 2017ರ ಕಾಟ್ಸಾ ಕಾನೂನಿನಲ್ಲಿ ಅಧ್ಯಕ್ಷರ ಕೈಯನ್ನೂ ಕಟ್ಟಿದ್ದಾರೆ. ಸಂವಿಧಾನದ ಪ್ರಕಾರ ಮಾಡುವ ಔಪಚಾರಿಕ ಒಪ್ಪಂದಕ್ಕೆ ಕಾಂಗ್ರೆಸ್ಸಿನ ಮೇಲ್ಮನೆಯಾದ ಸೆನೆಟ್‌ನ ಮೂರನೇ ಎರಡರಷ್ಟು ಮತ ಬೇಕು, ಎಲ್ಲ 100 ಸದಸ್ಯರೂ ಹಾಜರಿದ್ದರೆ 67. ಅಂದಿನ ಅಧ್ಯಕ್ಷ ವುಡ್ರೋ ವಿಲ್ಸನ್ ತಾವೇ ಮುಂದೆ ನಿಂತು ಕಟ್ಟಿದ, ವಿಶ್ವಸಂಸ್ಥೆಗೂ ಮೊದಲಿನ ರಾಷ್ಟ್ರಗಳ ಲೀಗ್‌ಗೆ ಅಮೆರಿಕ ಸೇರದೆ ಹೋದದ್ದು ಈ ಮತ ಸಿಗದೆ. ಜಗತ್ತನ್ನು ಮುನ್ನಡೆಸುತ್ತೇನೆ ಎನ್ನುವ ದೇಶದ ಮಾತನ್ನು ಇತರರು ಎಷ್ಟು ನಂಬಬಹುದು ಎಂಬ ಪ್ರಶ್ನೆಯ ತಿರುಳು ಇಲ್ಲೇ ಇದೆ, ಪರೀಕ್ಷೆಯ ಉತ್ತರದಲ್ಲಿ ಇದಕ್ಕೆ ಒಂದು ಪ್ಯಾರಾ ಕೊಡಿ.

ನಿರ್ಬಂಧದ ಸುದ್ದಿಯಲ್ಲಿ ಮೊದಲು ಕೇಳಬೇಕಾದದ್ದು: ವಿಶ್ವಸಂಸ್ಥೆಯದೋ, ಅಮೆರಿಕದ್ದೋ? ಎರಡನ್ನೂ ಬೆರೆಸುವುದು ತುಂಬ ಸಾಮಾನ್ಯ ತಪ್ಪು. ವಿಶ್ವಸಂಸ್ಥೆಯ ನಿರ್ಬಂಧಕ್ಕೆ ಮಾತ್ರ ತಾನು ಬದ್ಧ ಎಂಬುದು ಭಾರತದ ಅಧಿಕೃತ ನಿಲುವು. ಆದರೂ 2019ರ ಮೇ ತಿಂಗಳಲ್ಲಿ ಅಮೆರಿಕ ತನ್ನ ನಿರ್ಬಂಧದಿಂದ ಕೊಟ್ಟಿದ್ದ ವಿನಾಯಿತಿ ಮುಗಿದ ಕೂಡಲೇ ಇರಾನ್ ತೈಲದ ಖರೀದಿ ನಿಂತಿತು. ಕಾರಣ ಡಾಲರ್. ಡಾಲರ್ ಪಾವತಿ ಕೊನೆಗೆ ಅಮೆರಿಕದ ಬ್ಯಾಂಕುಗಳ ಮೂಲಕವೇ ಇತ್ಯರ್ಥವಾಗುತ್ತದೆ, ಆ ದಾರಿ ಮುಚ್ಚಿಹೋಗುವ ಭಯಕ್ಕೆ ನಮ್ಮ ಬ್ಯಾಂಕು, ವಿಮಾ ಕಂಪನಿ, ಸಂಸ್ಕರಣಾಗಾರಗಳು ತಾವಾಗಿಯೇ ಹಿಂದೆ ಸರಿಯುತ್ತವೆ.

ಜಾಗತಿಕ ಸಂಸ್ಥೆಗಳಲ್ಲಿ ಮತದ ಲೆಕ್ಕ ಹಾಕಿ. ಅಂತರರಾಷ್ಟ್ರೀಯ ಹಣಕಾಸು ನಿಧಿಯಾದ ಐಎಂಎಫ್‌ನಲ್ಲಿ ದೊಡ್ಡ ತೀರ್ಮಾನಗಳಿಗೆ ಶೇ 85 ಮತ ಬೇಕು, ಅಮೆರಿಕದ ಪಾಲು ಸುಮಾರು ಶೇ 16.5. ಅಂದರೆ ಅದು ಒಪ್ಪದೆ ಆಗದು. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ 15 ಮತದಲ್ಲಿ 9 ಸಿಕ್ಕರೂ ಐದು ಕಾಯಂ ಸದಸ್ಯರಲ್ಲಿ ಒಬ್ಬರು ವೀಟೊ (ತಡೆಮತ) ಹಾಕಿದರೆ ನಿರ್ಣಯ ಬಿತ್ತು. ಮೈಸೂರಿನವರು ನೆನಪಿಡಬೇಕಾದ ಒಂದು ಸಂಗತಿ: 1945ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ವಿಶ್ವಸಂಸ್ಥೆಯ ಸನ್ನದಿಗೆ ಭಾರತದ ಪರವಾಗಿ ಸಹಿ ಹಾಕಿದವರಲ್ಲಿ ಒಬ್ಬರಾದ ಎ. ರಾಮಸ್ವಾಮಿ ಮೊದಲಿಯಾರರೇ ಮರುವರ್ಷ ಮೈಸೂರಿನ ದಿವಾನರಾದರು.

ಸೇನೆಯ ಸುದ್ದಿಗೆ 1973ರ ಯುದ್ಧಾಧಿಕಾರ ನಿರ್ಣಯ ಅಳತೆಗೋಲು: ಸೇನೆಯನ್ನು ಕಾಳಗಕ್ಕೆ ಇಳಿಸಿದ 48 ಗಂಟೆಯಲ್ಲಿ ಕಾಂಗ್ರೆಸ್‌ಗೆ ವರದಿ, ಒಪ್ಪಿಗೆ ಇಲ್ಲದಿದ್ದರೆ 60 ದಿನದ ಮಿತಿ. ಅಮೆರಿಕ, ಯುರೋಪ್ ದೇಶಗಳ ಸೇನಾ ಕೂಟವಾದ ನ್ಯಾಟೊದಲ್ಲಿ ಒಬ್ಬರ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ ಎನ್ನುವ 5ನೇ ವಿಧಿಯನ್ನೂ ಮೂಲದಲ್ಲೇ ಓದಿ. ಪ್ರತಿ ದೇಶವೂ ತನಗೆ ಅಗತ್ಯವೆನಿಸಿದ ಕ್ರಮ ಕೈಗೊಳ್ಳಬೇಕು ಎಂದಿದೆಯೇ ಹೊರತು ಯುದ್ಧಕ್ಕೇ ಇಳಿಯಬೇಕು ಎಂದಿಲ್ಲ. ಭಾರತ-ಅಮೆರಿಕದ ನಡುವೆ ಅಂಥ ರಕ್ಷಣಾ ಒಪ್ಪಂದವೇ ಇಲ್ಲ, ಭಾರತ, ಅಮೆರಿಕ, ಜಪಾನ್, ಆಸ್ಟ್ರೇಲಿಯಾಗಳ ಕ್ವಾಡ್ ಕೂಡ ಸೇನಾ ಕೂಟವಲ್ಲ. ಉತ್ತರದಲ್ಲಿ ‘ಮಿತ್ರಕೂಟ’ ಎಂದು ಬರೆಯದೆ ‘ಸಹಭಾಗಿತ್ವ’ ಎಂದೇ ಬರೆಯಿರಿ.