ತೇವದ ಗೋಡೆಗೆ ಬಣ್ಣ ಬಳಿಯುವ ಮುನ್ನ

ಉಡುಪಿ ಸಮೀಪದ ನಮ್ಮ ಮನೆ ಅಜ್ಜನ ಕಾಲದಲ್ಲಿ ಕೆಂಪುಕಲ್ಲಿನಿಂದ ಕಟ್ಟಿ, ಸುಣ್ಣದ ಗಾರೆ ಮಾಡಿದ್ದು. ಚಾವಡಿಯ ಪಕ್ಕದ ಕೋಣೆಯ ಗೋಡೆಯಲ್ಲಿ ಮಾತ್ರ ನೆಲದಿಂದ ಮೂರಡಿ ಎತ್ತರದವರೆಗೆ ಪ್ರತಿ ಮಳೆಗಾಲವೂ ಬಣ್ಣ ಹಪ್ಪಳದಂತೆ ಉಬ್ಬಿ ಉದುರುತ್ತಿತ್ತು. ‘ಪ್ರೈಮರ್ ಕೊಟ್ಟು ಎರಡು ಕೋಟ್ ಹೊಡೆದರೆ ಗೊತ್ತೇ ಆಗುವುದಿಲ್ಲ ಸರ್’ ಎಂದ ಮೇಸ್ತ್ರಿಯ ಮಾತು ನಂಬಿ ಎರಡು ಸಲ ವಾಟರ್‌ಪ್ರೂಫ್ ಬಣ್ಣ ಬಳಿಸಿದೆವು. ಎರಡು ಸಲವೂ ಅದು ಎರಡನೆಯ ಮಳೆಗಾಲ ದಾಟಲಿಲ್ಲ. ಮೂರನೆಯ ಸಲ ಕೆಲಸಕ್ಕೆ ನಾನೇ ಇಳಿದೆ.

ತೇವ ಗೋಡೆಯೊಳಗಿನದೋ ಕೋಣೆಯ ಗಾಳಿಯದೋ ಎಂದು ಮೊದಲು ತಿಳಿಯಬೇಕಿತ್ತು. ಮಳೆ ನಿಂತ ಮೇಲೆ ಒಂದಡಿ ಚದರದ ಎರಡು ಪ್ಲಾಸ್ಟಿಕ್ ಹಾಳೆಗಳನ್ನು, ಒಂದನ್ನು ನೆಲದ ಹತ್ತಿರ, ಇನ್ನೊಂದನ್ನು ಐದಡಿ ಎತ್ತರದಲ್ಲಿ, ನಾಲ್ಕೂ ಅಂಚಿಗೆ ಟೇಪು ಹಚ್ಚಿ ಎರಡು ದಿನ ಬಿಟ್ಟೆ. (ಉದುರುವ ಬಣ್ಣದ ಮೇಲೆ ಟೇಪು ನಿಲ್ಲದ ಕಾರಣ ಅಷ್ಟಗಲ ಮೊದಲೇ ಕೆರೆಯಬೇಕಾಯಿತು.) ಮೇಲಿನ ಹಾಳೆ ಎರಡೂ ಬದಿ ಒಣಗಿತ್ತು, ಕೆಳಗಿನದರ ಒಳಬದಿಯಲ್ಲಿ, ಗೋಡೆಗೆ ತಾಗಿದ ಕಡೆ, ಸಾಸಿವೆಯಷ್ಟು ದೊಡ್ಡ ಹನಿಗಳು ಸಾಲುಗಟ್ಟಿದ್ದವು. ನೀರು ನೆಲದಿಂದಲೇ ಏರುತ್ತಿತ್ತು.

ಹೊರಗೆ ಹೋಗಿ ನೋಡಿದರೆ ಕಾರಣ ಕಣ್ಣೆದುರಿಗೇ ಇತ್ತು. ಕೆಲವು ವರ್ಷಗಳ ಹಿಂದೆ ಅಂಗಳಕ್ಕೆ ಮಣ್ಣು ತುಂಬಿಸಿ ಇಂಟರ್‌ಲಾಕ್ ಹಾಸಿದಾಗ ಅಂಗಳದ ಮಟ್ಟ ಪಂಚಾಂಗದ (ಗೋಡೆ ನಿಂತಿರುವ ಬುಡಗಟ್ಟೆಯ) ಅಂಚಿಗೆ ಬಂದು, ಮಾಡಿನ ನೀರೆಲ್ಲ ಗೋಡೆಯ ಬುಡದಲ್ಲೇ ಇಂಗುತ್ತಿತ್ತು. ಗೋಡೆಯುದ್ದಕ್ಕೂ ಒಂದಡಿ ಅಗಲ ಹಾಸು ಕಿತ್ತು, ಒಳನೆಲಕ್ಕಿಂತ ಅರ್ಧ ಅಡಿ ಕೆಳಗಿನವರೆಗೆ ಅಗೆದು, ತೋಡಿನ ಕಡೆಗೆ ಇಳಿಜಾರು ಕೊಟ್ಟು ದಪ್ಪ ಜಲ್ಲಿ ತುಂಬಿಸಿದೆ. ಇಡೀ ಕೆಲಸದಲ್ಲಿ ಫಲ ಕೊಟ್ಟಿದ್ದು ಇದೇ. ಉಳಿದದ್ದೆಲ್ಲ ಇದರ ನಂತರದ ಮಾತು.

ಒಳಗೆ, ತೇವದ ಗುರುತಿಗಿಂತ ಒಂದಡಿ ಮೇಲಿನವರೆಗೂ ಹಳೆಯ ಬಣ್ಣವನ್ನು ಗಾರೆ ಕಾಣುವಷ್ಟು ಕೆರೆದೆ. ಕೆಳಭಾಗದ ಹಳೆಯ ಆಯಿಲ್ ಪೇಂಟನ್ನು ಮಾತ್ರ ಒಣ ಉಜ್ಜಲಿಲ್ಲ. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣದ ಧೂಳನ್ನು ಉಸಿರಾಡುವ ಧೈರ್ಯ ನನಗಿರಲಿಲ್ಲ. ಆದ್ದರಿಂದ ನೀರು ಚಿಮುಕಿಸಿ, ಮಾಸ್ಕ್ ಹಾಕಿಕೊಂಡು, ಮಕ್ಕಳನ್ನು ಆ ಕಡೆ ಬಿಡದೆ ತೆಗೆದೆ.

ಆಮೇಲೆ ಬಣ್ಣ ಕೆರೆಯುವ ಪಟ್ಟಿಯ ಹಿಡಿಯಿಂದ ಗೋಡೆಯನ್ನು ತಟ್ಟುತ್ತಾ ಬಂದೆ. ಟೊಳ್ಳು ಸದ್ದು ಬಂದದ್ದೆಲ್ಲ ಹಿಂದೊಮ್ಮೆ ಸಿಮೆಂಟಿನಲ್ಲಿ ತೇಪೆ ಹಾಕಿದ ಜಾಗಗಳೇ. ಸುಣ್ಣದ ಗಾರೆ ಹೀರಿದ ನೀರನ್ನು ಗಾಳಿಗೆ ಬಿಟ್ಟುಕೊಡುತ್ತದೆ. ಸಿಮೆಂಟು ಅಷ್ಟಾಗಿ ಬಿಡದ ಕಾರಣ ನೀರು ತೇಪೆಯ ಹಿಂದಿನಿಂದಲೇ ಮೇಲೇರಿ, ಅದರ ನೆತ್ತಿಯ ಮೇಲೆ ಹೊಸ ಕಲೆ ಮಾಡಿತ್ತು. ತೇಪೆಗಳನ್ನು ಒಡೆದು ತೆಗೆದು, ಗೋಡೆಯನ್ನು ಹಾಗೆಯೇ ಬಿಟ್ಟು ಫ್ಯಾನ್ ಹಾಕಿದೆ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಅದು ಬಿಳಿ ಉಪ್ಪನ್ನು ಹೊರಹಾಕುತ್ತಲೇ ಇತ್ತು. ಉಪ್ಪನ್ನು ನೀರಿನಲ್ಲಿ ತೊಳೆದರೆ ಕರಗಿ ಮತ್ತೆ ಒಳಗೇ ಇಳಿಯುತ್ತದೆ. ಅದಕ್ಕಾಗಿ ವಾರಕ್ಕೊಮ್ಮೆ ಒಣ ಬ್ರಷ್‌ನಿಂದ ಉದುರಿಸಿ, ಕೆಳಗೆ ಹಾಸಿದ ಪೇಪರಿನಲ್ಲಿ ಹಿಡಿದು ಹೊರಗೆಸೆದೆ. ಮನೆಯವರಿಗೆ ಆ ಬೋಳು ಗೋಡೆ ನೋಡಿ ನೋಡಿ ಸಾಕಾಗಿತ್ತು.

ಮಾರ್ಚಿನಲ್ಲಿ ಮತ್ತೆ ಪ್ಲಾಸ್ಟಿಕ್ ಹಚ್ಚಿದಾಗ ಹನಿ ಕಾಣಲಿಲ್ಲ. ಆಗ ಗುಂಡಿಗಳಿಗೆ ನೀರು ಚಿಮುಕಿಸಿ, ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳಿನ ಗಾರೆಯನ್ನು ತೆಳುವಾಗಿ ಎರಡು ಪದರ ಕೊಟ್ಟು, ಬಿರುಕು ಬಿಡದಂತೆ ಕೆಲವು ದಿನ ತಂಪಾಗಿಟ್ಟು, ತಿಂಗಳು ಕಾದೆ. ಪುಟ್ಟಿ ಹಾಕಲಿಲ್ಲ, ಪ್ಲಾಸ್ಟಿಕ್ ಬಣ್ಣವನ್ನೂ ಬಳಿಯಲಿಲ್ಲ. ನೀರುನೀರಾದ ಸುಣ್ಣವನ್ನೇ ಮೂರು ಸಲ ಬಳಿದೆ. ನುಣುಪು ಕಡಿಮೆ, ಒರಗಿದರೆ ಅಂಗಿಗೆ ಬಿಳುಪು ಹತ್ತುತ್ತದೆ. ಎರಡು ಮಳೆಗಾಲ ಕಳೆದಿವೆ. ನೆಲದ ಹತ್ತಿರ ಗೇಣಗಲದಲ್ಲಿ ಈಗಲೂ ಸ್ವಲ್ಪ ಉಪ್ಪು ಏಳುತ್ತದೆ. ದೀಪಾವಳಿ ಕಳೆದ ಮೇಲೆ ಅದನ್ನು ಉದುರಿಸಿ ಅಷ್ಟಕ್ಕೇ ಒಂದು ಕೈ ಸುಣ್ಣ ಬಳಿಯುತ್ತೇನೆ.